ಒಂದು ಕಣ್ಣು ಮುಚ್ಚಿರಿ ಅನ್ನುವುದು ಹೇಗೆ

ಕೊಪ್ಪಳದ ದವಾಖಾನೆಯ ಜವಾನ ಗಂಗಾವತಿಯ ನನ್ನ ಅಂಗಡಿಗೆ ಬಂದು, ‘ಡಾಕ್ಟರ್ ಸಾಹೇಬ್ರು ಕರದಾರ್ರಿ, ಚಾಳೀಸು ಮಾರವ್ರಿಗೆಲ್ಲ ಸಾಲಿ ಐತಂತ’ ಎಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಗ ನಾನು ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮು ಕೂಡಿಸುತ್ತಿದ್ದೆ. ಅವರ ಎದುರಿಗೇ ನನ್ನನ್ನು ಸಾಲಿಗೆ ಕರೆದರೆ ನನ್ನ ಮರ್ಯಾದೆ ಏನಾಗಬೇಕು? ಗಿರಾಕಿ ಮಾತ್ರ ಖುಷಿಯಾದರು. ‘ಹೋಗಿ ಬರ್ರಿ, ನೀವು ಕಲತು ಬಂದ ಮ್ಯಾಲೆ ನಾನೂ ಬರ್ತೀನಿ’ ಎಂದು ಚಾಳೀಸು ಬಿಚ್ಚಿ ನನ್ನ ಕೈಗಿಟ್ಟು ಹೊರಟೇಹೋದರು.

ಅದು ಎರಡನೆಯ ಮಹಾಯುದ್ಧದ ಕಾಲ. ಹೊರದೇಶದ ಗಾಜು ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಇದ್ದ ಗಾಜನ್ನೇ ಒರೆಸಿ ಒರೆಸಿ ಇಡುತ್ತ, ಅರ್ಧ ದಿನ ನೊಣ ಹೊಡೆಯುತ್ತ ಕೂಡುತ್ತಿದ್ದೆ. ಸಿಟ್ಟು ಇಳಿದ ಮೇಲೆ, ಹೋಗಿ ನೋಡೋಣ, ಏನಿಲ್ಲದಿದ್ದರೂ ಕೊಪ್ಪಳ ಸ್ಟೇಷನ್ನಿನ ಚಹಾ ಆದರೂ ಸಿಕ್ಕೀತು ಎಂದುಕೊಂಡು ಗುರುವಾರ ಬಸ್ಸು ಹತ್ತಿದೆ. ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನ ಮೇಲೆ ಓಡುವ ಬಸ್ಸು. ಹಿಟ್ನಾಳದ ಹತ್ತಿರ ಅದು ಕೆಮ್ಮಿ ನಿಂತಿತು. ಕ್ಲೀನರ್ ಹಿಂದಿನ ಒಲೆಗೆ ಇದ್ದಲು ಸುರಿದು ಗಾಳಿ ಹಾಕಿದ, ನಾವೆಲ್ಲ ಕೆಳಗಿಳಿದು ಬಸ್ಸಿನ ಮಾಲೀಕನನ್ನು ಮನಸಾರೆ ಬೈದು ಮತ್ತೆ ಹತ್ತಿದೆವು.

ಸಾಲಿ ನಡೆದದ್ದು ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ. ವಿದ್ಯಾರ್ಥಿಗಳು ಮೂವರು. ನಾನೊಬ್ಬ. ಯಲಬುರ್ಗಾದಿಂದ ಬಂದ ಗಡಿಯಾರ ರಿಪೇರಿಯ ಸಾಹೇಬರೊಬ್ಬರು. ಅವರು ಗಡಿಯಾರದ ಜೊತೆಗೆ ಚಾಳೀಸೂ ಮಾರುತ್ತಿದ್ದರು. ಮೂರನೆಯವರು ಕುಷ್ಟಗಿಯ ಹಿರಿಯರು. ತಗಡಿನ ಟ್ರಂಕಿನಲ್ಲಿ ಚಾಳೀಸು ಹೊತ್ತು ಸಂತೆ ಸಂತೆ ತಿರುಗುವವರು, ಹುಣ್ಣಿಮೆಗೆ ಹುಲಿಗಿಯ ಗುಡಿಯ ಮುಂದೆ ಅಂಗಡಿ ಹರಡಿ ಕೂಡುವವರು. ನಮ್ಮ ಸುತ್ತಿನ ನಾಲ್ಕೂ ತಾಲೂಕಿನಲ್ಲಿ ಮುದುಕರ ಮೂಗಿನ ಮೇಲಿದ್ದ ಚಾಳೀಸುಗಳಲ್ಲಿ ಅರ್ಧಕ್ಕರ್ಧ ಅವರ ಟ್ರಂಕಿನಿಂದಲೇ ಹೊರಟವು. ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ದನಿ. ಯಾರ ಮಾತನ್ನೂ ಪೂರ್ತಿ ಕೇಳುವ ರೂಢಿ ಅವರಿಗಿರಲಿಲ್ಲ. ನನಗೆ ಅವರನ್ನು ಕಂಡರೆ ಮೊದಲ ದಿನವೇ ಮೈಯುರಿಯಿತು. ಬಸ್ಸಿಗೆ ಹೋಗುವಾಗ ನನ್ನ ಚೀಲವನ್ನು ತಾವೇ ಎತ್ತಿಕೊಂಡದ್ದರಿಂದ ಅಂದೇ ಸಂಜೆಗೆ ಆ ಉರಿ ಕಡಿಮೆಯೂ ಆಯಿತು.

ಡಾಕ್ಟರು ರಾಯಚೂರು ಕಡೆಯವರು. ಹೈದರಾಬಾದಿನಲ್ಲಿ ಓದಿ, ಕಣ್ಣಿನ ಕೆಲಸವನ್ನು ಮದ್ರಾಸಿನಲ್ಲಿ ಕಲಿತು ಬಂದಿದ್ದರು. ಮಾತು ಕಡಿಮೆ, ಬಾಯಲ್ಲಿ ಸದಾ ಯಾಲಕ್ಕಿ. ‘ನಿಮ್ಮ ಕೈಯಾಗ ಸಾವಿರ ಕಣ್ಣು ಹಾದು ಹೋಗ್ತಾವ, ನನ್ನ ಕಡಿ ಬರೂದು ಕುರುಡಾದ ಮ್ಯಾಲೆ. ಅದಕ್ಕ ನಿಮ್ಮನ್ನ ಕರಸೀನಿ’ ಎಂದು ಒಂದೇ ಉಸಿರಿಗೆ ಸ್ವಾಗತ ಭಾಷಣ ಮುಗಿಸಿದರು.

ಆಗ ನಾವು ಕಣ್ಣು ಪರೀಕ್ಷೆ ಮಾಡುತ್ತಿದ್ದ ರೀತಿಯನ್ನು ಹೇಳಬೇಕು. ಒಂದು ತಾಟಿನಲ್ಲಿ ಜೋಳ, ಅದರಲ್ಲಿ ಸಣ್ಣ ಹರಳು. ಒಂದೊಂದೇ ಚಾಳೀಸು ಹಾಕಿಸುತ್ತ ಹೋಗುವುದು. ಯಾವುದರಲ್ಲಿ ಹರಳು ಪಟಪಟನೆ ಆರಿಸಿದರೋ ಅದೇ ಅವರ ಚಾಳೀಸು. ಹೆಂಗಸರಿಗೆ ಸೂಜಿ ದಾರ. ದಾರ ಪೋಣಿಸಿದರೆ ಪರೀಕ್ಷೆ ಪಾಸು. ಓದು ಬಾರದವರೇ ಹೆಚ್ಚಾಗಿದ್ದ ಊರುಗಳಲ್ಲಿ ಇದಕ್ಕಿಂತ ಛಲೋ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಎರಡೂ ಕಣ್ಣು ತೆರೆದೇ ಈ ಪರೀಕ್ಷೆ. ಬೇರೆ ರೀತಿ ಇದೆಯೆಂದು ಯಾರೂ ಯೋಚಿಸಿರಲಿಲ್ಲ.

ಮೊದಲ ಗುರುವಾರ ಡಾಕ್ಟರು ಒಂದು ರಟ್ಟು ತೋರಿಸಿದರು. ಮೂರು ಹಲ್ಲಿನ ಒಂದೇ ಚಿತ್ರ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ, ಮೇಲೆ ಕೆಳಗೆ ತಿರುಗಿತ್ತು. ಹಲ್ಲು ಯಾವ ಕಡೆಗಿವೆ ಎಂದು ಕೈ ತೋರಿಸಿದರೆ ಸಾಕು, ಅಕ್ಷರ ಬೇಕಿಲ್ಲ. ಹಿರಿಯರು ಒಂದು ಕ್ಷಣ ನೋಡಿ, ‘ಇದು ಕೂರಿಗಿ ಅಲ್ಲೇನ್ರಿ! ತಾಳು ಯಾವ ಕಡಿ ಅದಾವ ಅಂತ ಕೇಳಿದ್ರ ನಮ್ಮ ಮಂದಿ ನಿದ್ದಿಗಣ್ಣಾಗೂ ಹೇಳ್ತಾರ’ ಎಂದರು. ಬಿತ್ತನೆಯ ಕೂರಿಗೆ ಗೊತ್ತಿಲ್ಲದ ಮನೆ ನಮ್ಮಲ್ಲಿ ಇರಲಿಲ್ಲ. ಅಂದಿನಿಂದ ಅದು ಕೂರಿಗೆ ರಟ್ಟು ಆಯಿತು. ಹಿರಿಯರು ಅದನ್ನು ತಾವೇ ಕಂಡುಹಿಡಿದವರಂತೆ ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಹೋದರು.

ಎರಡನೆಯ ಸಲ ರೋಗಗಳ ಪಾಠ. ಕೆಂಪಾದ ಕಣ್ಣಿಗೆ ಚಾಳೀಸು ಕೊಡಬೇಡಿ, ಕಳಿಸಿಕೊಡಿ. ಮೋತಿಬಿಂದುವಿಗೆ, ಅಂದರೆ ಕಣ್ಣಿನ ಪೊರೆಗೆ, ಗಾಜು ಬದಲಿಸುತ್ತ ಕಾಲ ಕಳೆಯಬೇಡಿ, ಕಳಿಸಿಕೊಡಿ. ಇಷ್ಟೂ ನಮಗೆ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಮುಂದಿನ ಗುರುವಾರ ಮಾತ್ರ ಡಾಕ್ಟರು ಯಾಲಕ್ಕಿ ಉಗುಳಿ ಬಂದು ಕೂತರು.

‘ಇವತ್ತು ಹೇಳೂದು ಕಾಲಾ ಮೋತಿಯಾ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಕಣ್ಣಿನ ಒಳಗ ನೀರು ಹುಟ್ಟತೈತಿ, ಹರಿದು ಹೋಗತೈತಿ. ಹರಿಯೂ ಹಾದಿ ಕಟ್ಟಿದ್ರ ಒಳಗ ಒತ್ತಡ ಏರತೈತಿ. ಹಿಂದಿನ ನರ ಸಣ್ಣಗ ಸಾಯತೈತಿ. ಮೊದ್ಲು ಬಾಜೂದ್ದು ಕಾಣೂದು ಹೋಗತೈತಿ. ನಡುವಿಂದು ಕಡೀತನಕ ಉಳೀತೈತಿ. ಅಂದ್ರ ನಿಮ್ಮ ಸೂಜಿ ಪರೀಕ್ಷಾ ಪಾಸಾಗ್ತಾರ, ಬಾಗಲಾ ದಾಟೂವಾಗ ಚೌಕಟ್ಟಿಗೆ ಹಾಯ್ತಾರ.’

ಡಾಕ್ಟರು ಬೆರಳು ಎತ್ತಿದರು. ‘ಇನ್ನೊಂದು. ಮ್ಯಾಲಿಂದ ಮ್ಯಾಲೆ ಬಂದು, ಈ ಚಾಳೀಸು ಸಾಲವಲ್ದು, ಬದಲಿ ಕೊಡ್ರಿ ಅಂತಾರಲ್ಲ, ಅಂಥವರನ್ನ ನೀವು ಏನಂತೀರಿ?’

‘ಛಲೋ ಗಿರಾಕಿ ಅಂತೀವ್ರಿ’ ಎಂದರು ಯಲಬುರ್ಗಾದ ಸಾಹೇಬರು.

‘ಅವರೇ ರೋಗಿ. ಅವರನ್ನ ಮೊದ್ಲು ಕಳಸ್ರಿ.’

ಹಿರಿಯರು ರುಮಾಲು ಸರಿ ಮಾಡಿಕೊಂಡರು. ಏನೋ ಹೇಳಹೊರಟು, ಆಮೇಲೆ ಹೇಳಲಿಲ್ಲ. ಅವರು ಮಾತು ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒತ್ತಡ ಗುರುತಿಸುವುದು ಬೆರಳಿನಿಂದ. ರೋಗಿ ಕೆಳಗೆ ನೋಡಬೇಕು, ಮುಚ್ಚಿದ ರೆಪ್ಪೆಯ ಮೇಲೆ ಎರಡು ತೋರುಬೆರಳಿಟ್ಟು ಒಂದರಿಂದ ಮೆತ್ತಗೆ ಒತ್ತಿ ಇನ್ನೊಂದರಿಂದ ಅಳೆಯಬೇಕು. ಮೂಗಿನ ತುದಿಯಷ್ಟು ಮೆದುವಾಗಿದ್ದರೆ ಸರಿ. ಹಣೆಯಷ್ಟು ಗಟ್ಟಿಯಾಗಿದ್ದರೆ ಕಳಿಸಿಕೊಡಿ. ಗಟ್ಟಿ ಹೇಗಿರುತ್ತದೆ ಎಂದು ತಿಳಿಯಲು ಡಾಕ್ಟರು ಕಟುಕರ ಅಂಗಡಿಯಿಂದ ಆಡಿನ ಕಣ್ಣು ತರಿಸಿ, ಸೂಜಿಯಿಂದ ಉಪ್ಪುನೀರು ತುಂಬಿಸಿ ತಾಟಿನಲ್ಲಿ ಇಟ್ಟರು. ಹಿರಿಯರು ಕೊರಳಲ್ಲಿ ಲಿಂಗ ಕಟ್ಟಿದವರು. ತಾಟು ನೋಡಿದ್ದೇ ಅಂಗಳಕ್ಕೆ ಇಳಿದುಬಿಟ್ಟರು. ಕೊನೆಗೆ ಸಾಹೇಬರು ಒಳಗೆ ಆಡಿನ ಕಣ್ಣು ಮುಟ್ಟಿ ನೋಡುವುದು, ಆಮೇಲೆ ಕೈ ತೊಳೆದು ಹೊರಗೆ ಬಂದು ಹಿರಿಯರ ಹಣೆ, ಮೂಗು, ಗಲ್ಲ ಒತ್ತಿ ‘ಇಷ್ಟಲ್ರಿ, ಇದಕ್ಕಿಂತ ಜರಾ ಗಟ್ಟಿ’ ಎಂದು ತಿಳಿಸುವುದು ಎಂದು ತೀರ್ಮಾನವಾಯಿತು. ದವಾಖಾನೆಗೆ ಬಂದ ರೋಗಿಗಳೆಲ್ಲ ತಮ್ಮ ರೋಗ ಮರೆತು ನಿಂತು ನೋಡಿದರು.

ಜಗಳ ಹತ್ತಿದ್ದು ಅದಾದ ಮೇಲೆ. ಪ್ರತಿ ಕಣ್ಣನ್ನೂ ಬೇರೆ ಬೇರೆಯಾಗಿ ನೋಡಬೇಕು, ಒಂದನ್ನು ಮುಚ್ಚಿಸಿ ಇನ್ನೊಂದನ್ನು ಪರೀಕ್ಷಿಸಬೇಕು, ಇಲ್ಲದಿದ್ದರೆ ಛಲೋ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ಮಾಡುತ್ತದೆ, ರೋಗ ಗೊತ್ತೇ ಆಗುವುದಿಲ್ಲ ಎಂದರು ಡಾಕ್ಟರು.

ಹಿರಿಯರು ಎದ್ದು ನಿಂತರು. ‘ಆಗೂದಿಲ್ರಿ. ಒಬ್ಬ ಹೆಣ್ಮಗಳಿಗೆ ಸಂತ್ಯಾಗ, ಒಂದು ಕಣ್ಣು ಮುಚ್ಚವಾ ಅಂತ ನಾ ಅಂದ್ರ ಏನಾಗತೈತಿ ಗೊತ್ತೇನ್ರಿ? ಕಣ್ಣು ಹೊಡಿ ಅಂದಂಗ ಆತು! ಗಂಡಸರಿಗೆ ಅಂದ್ರ, ನನ್ನ ಕುರುಡ ಮಾಡಾಕ ಹತ್ತೀಯೇನು, ಅಪಶಕುನ ಅಂತ ಬೈತಾರ. ಕೈಲೆ ಮುಚ್ಚು ಅಂದ್ರ, ಬೊಟ್ಟಿನ ಸಂದ್ಯಾಗಿಂದ ನೋಡ್ತಾರ.’

‘ನಾ ದಿನಾ ಒಂದ ಕಣ್ಣು ಮುಚ್ಚೇ ಬದುಕಾಂವ’ ಎಂದು ಸಾಹೇಬರು ಗಡಿಯಾರ ನೋಡುವ ತಮ್ಮ ಭೂತಗನ್ನಡಿಯನ್ನು ತೋರಿಸಿದರು. ಹಿರಿಯರಿಗೆ ನಗು ಬರಲಿಲ್ಲ.

ಡಾಕ್ಟರು ವಾದ ಮಾಡಲಿಲ್ಲ. ‘ಹ್ಯಾಂಗ ಹೇಳ್ತೀರೊ ನಿಮಗ ಬಿಟ್ಟದ್ದು. ಮುಂದಿನ ಸಲ ಬರೂವಾಗ ಎಲ್ಲಾರೂ ಕೂಡಿ ಒಂದು ಸಂತಿ ಮಾಡಿ ಬರ್ರಿ’ ಎಂದು ಎದ್ದರು. ಯಲಬುರ್ಗಾದ ಸಾಹೇಬರ ಮನೆಯಲ್ಲಿ ಮದುವೆಯಿತ್ತು. ಹೀಗಾಗಿ ನಾನು ಹಿರಿಯರ ಪಾಲಿಗೆ ಬಿದ್ದೆ, ಕುಷ್ಟಗಿಯ ಸಂತೆಗೆ ಹೋದೆ.

ಸಂತೆಯಲ್ಲಿ ಅವರ ಟ್ರಂಕಿನ ಪಕ್ಕದಲ್ಲಿ ಗೋಡೆಗೆ ಕೂರಿಗೆ ರಟ್ಟು ತೂಗುಹಾಕಿ ಕೂತೆವು. ಹತ್ತು ಮೊಳ ದೂರದಲ್ಲಿ ನಿಂತ ರೈತರು ‘ಮ್ಯಾಲೆ, ಕೆಳಗ, ಬಾಜಕ್ಕ’ ಎಂದು ಕೈ ಬೀಸುತ್ತ ಮಕ್ಕಳಂತೆ ಖುಷಿಪಟ್ಟರು. ನಾನು ಉಬ್ಬಿಹೋದೆ. ಅದೇ ಹುಮ್ಮಸ್ಸಿನಲ್ಲಿ, ನೆಲದ ಹಗೇವಿನಲ್ಲಿ ಕೂಡಿಟ್ಟ ಜೋಳ ಮಾರಿ ನಮ್ಮ ಕಡೆ ಬಂದ ಒಬ್ಬ ನಡುವಯಸ್ಸಿನ ಹೆಣ್ಣುಮಗಳಿಗೆ ನಯವಾಗಿಯೇ, ‘ಅವ್ವಾ, ಒಂದು ಕಣ್ಣು ಮುಚ್ಚಿ ನನ್ನ ಕಡೆ ನೋಡ್ರಿ’ ಎಂದೆ.

ಅವಳ ಅಣ್ಣ ಪಕ್ಕದಲ್ಲೇ ಬಳ್ಳೊಳ್ಳಿ ಚೌಕಾಶಿ ಮಾಡುತ್ತಿದ್ದ. ‘ಏನಂದಿ?’ ಎಂದು ತಿರುಗಿದ. ‘ನಡು ಸಂತ್ಯಾಗ ನಮ್ಮ ತಂಗಿಗೆ ಕಣ್ಣು ಹೊಡಿಯೂದು ಕಲಸ್ತೀಯೇನಲೇ?’ ಮುಂದಿನದನ್ನು ವಿವರಿಸುವುದು ಬೇಡ. ನನ್ನ ಕೋಟಿನ ತೋಳು ಕಿತ್ತುಬಂತು, ರಟ್ಟು ಹರಿಯಿತು. ಹಿರಿಯರು ತಮ್ಮ ದೊಡ್ಡ ದನಿಯನ್ನೆಲ್ಲ ಖರ್ಚು ಮಾಡಿ, ನಾನು ಗಂಗಾವತಿಯವನು, ಮಾತು ಬಾರದವನು, ತಲೆ ಸ್ವಲ್ಪ ಹೀಗೇ ಎಂದು ಹೇಳಿ ನನ್ನನ್ನು ಬಿಡಿಸಿಕೊಂಡರು. ಪೆಟ್ಟಿಗಿಂತ ಆ ಪರಿಚಯವೇ ಹೆಚ್ಚು ನೋಯಿಸಿತು.

‘ನಾ ಹೇಳಿದ್ದೆ’ ಎಂದರು ದಾರಿಯಲ್ಲಿ. ಮನೆ ಮುಟ್ಟುವವರೆಗೆ ಅದನ್ನೇ ಹೇಳಿದರು.

ಅವರ ಹೆಂಡತಿ ನಮ್ಮನ್ನು ನೋಡಿದ್ದೇ ವಿಷಯ ಕೇಳಿದರು, ಕೇಳಿ ಬಾಗಿಲಿಗೆ ಒರಗಿ ನಕ್ಕರು. ‘ಇಷ್ಟು ವರ್ಷ ಸಂತಿ ಮಾಡ್ಯಾರ, ಒಂದು ಪೆಟ್ಟೂ ಬಿದ್ದಿಲ್ಲ. ಅಣ್ಣಾರು ಒಂದ ದಿನದಾಗ ಹೆಸರು ಮಾಡಿದ್ರು ನೋಡ್ರಿ.’ ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲು. ಮಕ್ಕಳಿಲ್ಲದ ಮನೆ, ಆದರೂ ಆ ನಗುವಿನಿಂದ ಮನೆ ತುಂಬಿದಂತಿತ್ತು. ಮೂಗಿನ ಮೇಲೆ ಬಂಗಾರದ ಬಣ್ಣದ ಫ್ರೇಮಿನ ಚಾಳೀಸು. ಯುದ್ಧಕ್ಕೆ ಮೊದಲು ಬಂದ ಗಾಜಿನಲ್ಲಿ ಅತ್ಯುತ್ತಮವಾದದ್ದನ್ನು ಹಿರಿಯರು ಅವರಿಗೆಂದೇ ತೆಗೆದಿಟ್ಟಿದ್ದರು. ‘ನಮ್ಮಾಕಿಗೆ ವರ್ಷದಾಗ ಮೂರು ಸಲ ಬದಲಿ ಮಾಡೀನಿ. ಕುಷ್ಟಗ್ಯಾಗ ಇಂಥಾ ಗಾಜು ಯಾರ ಮೂಗಿನ ಮ್ಯಾಲೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದರು. ಹೇಳಿ, ನನ್ನ ಮುಖ ನೋಡಿ, ಬೇರೆ ಕಡೆ ತಿರುಗಿದರು.

ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಹೆಸರುಬೇಳೆಯ ಪಲ್ಯ, ಮಜ್ಜಿಗೆ. ನಾನು ಪರ ಗಂಡಸು. ಆದ್ದರಿಂದ ಅವರು ಬಡಿಸಲು ಬಂದಾಗ ನನ್ನ ಕಡೆಗಿದ್ದ ಎಡಮಗ್ಗುಲಿಗೆ ಸೆರಗನ್ನು ಎಡಗಣ್ಣು ಮುಚ್ಚುವಂತೆ ಮುಂದೆ ಎಳೆದು ಅಂಚನ್ನು ಹಲ್ಲಲ್ಲಿ ಹಿಡಿದುಕೊಂಡರು. ನಮ್ಮ ಕಡೆಯ ಹೆಂಗಸರು ಎಲ್ಲರೂ ಹೀಗೆಯೇ. ಮಜ್ಜಿಗೆ ನನ್ನ ಬಟ್ಟಲಿನ ಹೊರಗೆ ಬಿತ್ತು. ‘ಅಯ್ಯ, ಕೈ ಜಾರಿತು’ ಎಂದರು. ಗಂಡನ ಕಡೆಗೆ ಹೋದಾಗ ಸೆರಗು ಬಿಟ್ಟರು. ಧಾರೆ ಸರಿಯಾಗಿ ಬಟ್ಟಲಿಗೆ ಇಳಿಯಿತು. ಮತ್ತೆ ನನ್ನ ಕಡೆ ಬಂದರು, ಮತ್ತೆ ಸೆರಗು, ಮತ್ತೆ ಮಜ್ಜಿಗೆ ನೆಲಕ್ಕೆ.

ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ, ಅಷ್ಟೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಸೆರಗು ಹಲ್ಲಲ್ಲೇ ಇರುವಾಗ ಅವರು ಒಳಗೆ ಹೋಗಲು ತಿರುಗಿದರು. ಬಲಗಡೆ ಕಾಲಿನ ಹತ್ತಿರವೇ ಗಂಡನ ಟ್ರಂಕು. ಆಗಿನಿಂದ ಹತ್ತು ಸಲ ಅದರ ಪಕ್ಕದಲ್ಲಿ ಸಲೀಸಾಗಿ ದಾಟಿ ಹೋಗಿದ್ದವರು ಈಗ ನೇರವಾಗಿ ಅದಕ್ಕೆ ಹಾಯ್ದರು, ತಂಬಿಗೆ ಉರುಳಿತು. ಸಂತೆಯಲ್ಲಿ ಯಾವ ಬಾಯಿಯಿಂದ ಕೇಳಬೇಕೆಂದು ತಿಳಿಯದೆ ಪೆಟ್ಟು ತಿಂದ ಪರೀಕ್ಷೆ, ಇಲ್ಲಿ ಯಾರೂ ಕೇಳದೆಯೇ ನನ್ನ ಕಣ್ಣೆದುರಿಗೆ ನಡೆದುಹೋಗಿತ್ತು.

ಹೇಳಬೇಕೋ ಬೇಡವೋ ಎಂದು ರೊಟ್ಟಿ ಮುರಿಯುತ್ತ ಕೂತೆ. ಉಂಡ ಮನೆ, ಮೇಲೆ ಈ ಮನುಷ್ಯನ ದನಿ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹೇಳಿಯೇಬಿಟ್ಟೆ.

‘ಸೂಜಿ ಪೋಣಸ್ತಾಳ್ರಿ ಆಕಿ!’ ಎಂದು ಗುಡುಗಿದರು. ‘ನಿನ್ನೆ ರಾತ್ರಿ ಕಂದೀಲ ಬೆಳಕಿನ್ಯಾಗ ಕೌದಿ ಹೊಲಿದಾಳ. ನೀವು ಪೆಟ್ಟು ತಿಂದ ಸಿಟ್ಟು ನನ್ನ ಮನಿ ಮ್ಯಾಲೆ ತೀರಸ್ತೀರೇನು?’

ಸೂಜಿ ಕಡೆಯತನಕ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ನಮ್ಮಿಬ್ಬರ ಕಿವಿಗೂ ಬಿದ್ದಿತ್ತು. ಅವರು ನೀರಿನ ಚೆಂಬನ್ನು ಹಿಡಿದುಕೊಂಡೇ ನಿಂತಿದ್ದರು.

ಹಿಂದಿನಿಂದ ಹೆಂಡತಿಯ ದನಿ ಬಂತು. ‘ಒದರ್ಯಾಡೂದು ಬಿಟ್ಟು ನೋಡೇ ಬಿಡ್ರಲ್ಲ. ಊರ ಮಂದಿ ಕಣ್ಣೆಲ್ಲ ನೋಡ್ತೀರಿ.’

ಆ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಮಾಡಬೇಕಾದವರು ಗಂಡನೇ ಎಂದು ಅನ್ನಿಸಿತು. ಹಿತ್ತಲಿನ ಬೆಳಕಿನಲ್ಲಿ ಇಬ್ಬರೂ ಎದುರುಬದುರು ಕೂತರು. ಹಿರಿಯರಿಗೆ ‘ಕಣ್ಣು ಮುಚ್ಚು’ ಎಂಬ ಮಾತು ಬಾಯಿಗೆ ಬರಲೇ ಇಲ್ಲ. ತಡವರಿಸಿ, ‘ಸೆರಗು... ಎಡಕ್ಕ ಎಳಕೊ. ನನ್ನ ಮೂಗು ನೋಡು’ ಎಂದರು. ಆಕೆ ಎಳೆದುಕೊಂಡರು. ಹಿರಿಯರು ಕೈಯನ್ನು ಬಲಗಡೆಯ ಬಾಜುವಿನಿಂದ ಬೆರಳು ಆಡಿಸುತ್ತ ಮೆಲ್ಲಗೆ ತಂದರು.

‘ಬೊಟ್ಟು ಕಂಡಕೂಡ್ಲೆ ಹೇಳು.’

‘ಇನ್ನಾ ಕೈ ಎತ್ತೇ ಇಲ್ಲಲ್ರಿ ನೀವು’ ಎಂದರು ಆಕೆ.

ಬೆರಳು ಆಗಲೇ ಅವರ ಕಿವಿಯ ಪಕ್ಕ ದಾಟಿ, ಗಲ್ಲದ ಮುಂದೆ ಬಂದು ಆಡುತ್ತಿತ್ತು. ಹಿರಿಯರು ಮತ್ತೊಮ್ಮೆ ಮಾಡಿದರು. ಮೇಲಿನಿಂದ ಮಾಡಿದರು, ಕೆಳಗಿನಿಂದ ಮಾಡಿದರು. ಪ್ರತಿ ಸಲವೂ ಬೆರಳು ಮೂಗಿನ ಹತ್ತಿರ ಬಂದ ಮೇಲೆಯೇ ಆಕೆ ‘ಹಾಂ, ಬಂತು’ ಎನ್ನುತ್ತಿದ್ದರು. ಸೆರಗು ಬಲಕ್ಕೆ ಎಳೆಸಿ ಎಡಗಣ್ಣು ನೋಡಿದಾಗ ಪರವಾಗಿಲ್ಲ ಅನ್ನಿಸಿತು, ಮೂಗಿನ ಕಡೆಯಲ್ಲಿ ಮಾತ್ರ ಸ್ವಲ್ಪ ಕಡಿಮೆ. ಹಿರಿಯರು ಕೈ ಇಳಿಸಿ, ಆ ಚಾಳೀಸನ್ನು ತೆಗೆದು ತಮ್ಮ ಧೋತರದ ಅಂಚಿನಿಂದ ಒರೆಸಿ ಒರೆಸಿ ಮತ್ತೆ ಅವರ ಮೂಗಿಗೆ ಇಟ್ಟರು. ನನಗೆ ಆ ಮನುಷ್ಯನ ಮೇಲೆ ಅಂದು ಹುಟ್ಟಿದ ಪ್ರೀತಿ ಮತ್ತೆ ಕಡಿಮೆಯಾಗಲಿಲ್ಲ.

ಮುಂದಿನ ಗುರುವಾರ ಹಿರಿಯರ ಹೆಂಡತಿಯನ್ನೂ ಕರೆದುಕೊಂಡು ಮೂವರೂ ಕೊಪ್ಪಳಕ್ಕೆ ಹೋದೆವು. ಡಾಕ್ಟರು ಮೊದಲು ಬೆರಳಿನಿಂದ ನೋಡಿದರು, ಆಮೇಲೆ ಕತ್ತಲೆ ಕೋಣೆಯಲ್ಲಿ ಕನ್ನಡಿ ಹಿಡಿದು ಕಣ್ಣಿನ ಒಳಗೆ ನೋಡಿದರು. ಹೊರಗೆ ಬಂದು ನನಗೂ ಸಾಹೇಬರಿಗೂ ಮುಟ್ಟಿ ನೋಡಲು ಹೇಳಿದರು. ಬಲಗಣ್ಣು ಹಣೆಯಂತೆ ಗಟ್ಟಿ. ಎಡಗಣ್ಣು ಮೂಗಿನ ತುದಿಗಿಂತ ಗಟ್ಟಿ, ಹಣೆಗಿಂತ ಮೆದು. ಹಿರಿಯರು ಮುಟ್ಟಲಿಲ್ಲ.

‘ಬಲಗಣ್ಣಿಂದು ಹೋದದ್ದು ಹೋತು. ಹೊಳ್ಳಿ ಬರೂದಿಲ್ಲ’ ಎಂದರು ಡಾಕ್ಟರು. ‘ಎಡಗಣ್ಣಿಗೂ ಹತ್ತೇತಿ. ಅದನ್ನ ಉಳಿಸಬೇಕು. ಪೈಲೋಕಾರ್ಪಿನ್ ಹನಿ ಹಾಕಬೇಕು, ಆದ್ರ ಯುದ್ಧದಾಗ ಅದು ಸಿಗವಲ್ದು. ನನ್ನ ಕಡಿ ಒಂದು ಸಣ್ಣ ಸೀಸೆ ಐತಿ. ಅದು ತೀರೂದ್ರಾಗ ಆಪರೇಷನ್ ಮಾಡಬೇಕು. ಕಣ್ಣಿನ ಮ್ಯಾಲಿನ ಅಂಚಿಗೆ ಸಣ್ಣದೊಂದು ತೂತು, ಒಳಗಿನ ನೀರು ಹರಿಯಾಕ.’

‘ಎಡಗಣ್ಣಿಗೇನ್ರಿ?’ ಹಿರಿಯರ ದನಿ ಏರಿತು. ‘ಕಾಣೂ ಕಣ್ಣಿಗೆ ಚಾಕು ಹಾಕ್ತೀರಿ?’

‘ಹೌದು.’

‘ಹಾಕಿದ ಮ್ಯಾಲೆ ಇನ್ನೂ ಛಲೋ ಕಾಣತೈತೇನ್ರಿ?’

‘ಇಲ್ಲ. ಎಲ್ಲಾ ಸರಿ ಆದ್ರ ಈಗ ಎಷ್ಟು ಕಾಣತೈತೊ ಅಷ್ಟ. ಸರಿ ಆಗದಿದ್ರ ಅದೂ ಹೋಗಬಹುದು. ಸುಳ್ಳು ಹೇಳೂದಿಲ್ಲ ನಾನು.’

ನಮ್ಮ ಕಸಬಿನವರಿಗೆ ಈ ಮಾತು ಅರಗಿಸಿಕೊಳ್ಳಲು ಕಷ್ಟ. ಗಾಜು ಇಟ್ಟ ತಕ್ಷಣ ಗಿರಾಕಿಯ ಮುಖ ಅರಳಬೇಕು, ‘ಅಬ್ಬಾ, ಈಗ ಕಂಡ್ತ ನೋಡ್ರಿ’ ಎನ್ನಬೇಕು, ಅದೇ ನಮ್ಮ ಸುಖ. ಇಲ್ಲಿ ಕಾಣುವ ಕಣ್ಣನ್ನು ಪಣಕ್ಕಿಟ್ಟು, ಗೆದ್ದರೂ ಏನೂ ಹೆಚ್ಚು ಕಾಣುವುದಿಲ್ಲ. ಹಿರಿಯರು ‘ಬ್ಯಾಡ, ನಡಿ ಮನಿಗೆ’ ಎಂದು ಹೆಂಡತಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಡಾಕ್ಟರು ತಡೆಯಲಿಲ್ಲ. ನನಗೆ ಮಾತ್ರ ಡಾಕ್ಟರ ಮೇಲೂ ಸಿಟ್ಟು ಬಂತು, ಹಿರಿಯರ ಮೇಲೂ ಬಂತು. ಇಬ್ಬರ ಮಾತೂ ಸರಿಯೆನ್ನಿಸಿದ್ದಕ್ಕೆ ನನ್ನ ಮೇಲೂ ಬಂತು.

ಅಂಗಳದಲ್ಲಿ ಬೇವಿನ ಗಿಡ, ಆಚೆಗೆ ಬಾವಿಯ ಕಟ್ಟೆ. ಗಿಡದ ಕೆಳಗೆ ಹೆಂಡತಿ ಕೈ ಬಿಡಿಸಿಕೊಂಡು ನಿಂತುಬಿಟ್ಟರು. ‘ಜರಾ ತಡೀರಿ’ ಎಂದರು. ಸೆರಗನ್ನು ಎಡಗಡೆಗೆ ಗಟ್ಟಿಯಾಗಿ ಎಳೆದು ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡರು. ಹಾಗೆಯೇ ಒಬ್ಬರೇ ಬಾವಿಯ ಕಡೆಗೆ ಹೊರಟರು. ಹಿರಿಯರು ಹಿಂದೆ ಹೋಗಲು ನೋಡಿದರು, ಸಾಹೇಬರು ಅವರ ತೋಳು ಹಿಡಿದರು. ಆಕೆ ನಾಲ್ಕು ಹೆಜ್ಜೆ ಸರಿಯಾಗಿ ಇಟ್ಟರು. ಆಮೇಲೆ ಅಲ್ಲಿ ಒರಗಿಸಿದ್ದ ಸೈಕಲ್ಲಿಗೆ ಹಾಯ್ದು ಅದನ್ನು ಬೀಳಿಸಿದರು. ಅದನ್ನು ತಡವಿ ದಾಟಿ, ಬಾವಿ ಕಟ್ಟೆ ಎಲ್ಲಿದೆಯೆಂದು ಗೊತ್ತಾಗದೆ ಎರಡೂ ಕೈ ಮುಂದೆ ಚಾಚಿ ನಿಂತರು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಸೆರಗು ತೆಗೆದು, ಕಟ್ಟೆಯನ್ನೂ ಸೈಕಲ್ಲನ್ನೂ ನಮ್ಮನ್ನೂ ಒಂದೊಂದಾಗಿ ನೋಡಿದರು. ವಾಪಸು ಬಂದು ಗಂಡನ ಎದುರಿಗೆ ನಿಂತರು.

‘ಬಲಗಣ್ಣಾಗ ಇಷ್ಟೇ ಐತ್ರಿ. ಇದು ಹೋಗಿದ್ದು ನನಗ ಗೊತ್ತ ಆಗಿಲ್ಲ. ಎಡಗಣ್ಣೂ ಹಿಂಗ ಹೋಗತೈತಿ, ಆಗ ನಿಮ್ಮ ಟ್ರಂಕಿನ್ಯಾಗಿನ ಯಾವ ಚಾಳೀಸೂ ನನ್ನ ಕೈ ಹಿಡಿಯೂದಿಲ್ಲ. ನನಗ ಅಂಜಿಕಿ ಐತಿ. ಆದ್ರೂ ಡಾಕ್ಟರ್ ಸಾಹೇಬ್ರಿಗೆ ಹೂಂ ಅಂದು ಬರ್ರಿ.’

ಹಿರಿಯರು ಅಲ್ಲಿಯೇ ಗಿಡದ ಬುಡದಲ್ಲಿ ಕೂತರು. ರುಮಾಲು ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಆಮೇಲೆ ಎದ್ದು ಬರಿದಲೆಯಲ್ಲೇ ಒಳಗೆ ಹೋದರು.

ತೂತು ಕೊರೆಯುವ ಉಪಕರಣ ಪೆನ್ನಿನ ತುದಿಯಷ್ಟು ಸಣ್ಣ ಕೊಳವೆ. ಯುದ್ಧದಿಂದಾಗಿ ಹೊಸದು ಬರುತ್ತಿರಲಿಲ್ಲ. ಡಾಕ್ಟರು ಅದನ್ನು ಸಾಹೇಬರ ಕೈಗೆ ಕೊಟ್ಟು, ನಿಮ್ಮ ಭೂತಗನ್ನಡಿಯಲ್ಲಿ ಅಂಚು ನೋಡಿಕೊಡಿ ಎಂದರು. ಸಾಹೇಬರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು, ‘ಸಾಫ್ ಐತ್ರಿ’ ಎಂದು ಕೊಟ್ಟರು. ಅದನ್ನು ಕುದಿಸಿದರು. ಕೊಕೇನ್ ಹನಿ ಹಾಕಿ ಕಣ್ಣು ಮರಗಟ್ಟಿಸಿದರು. ಹಿರಿಯರು ಹೊರಗೆ ನಿಲ್ಲಲಾರದೆ ಬೀದಿಯ ತುದಿಯವರೆಗೆ ಹೋಗುವುದು, ಬರುವುದು. ನಾನು ಅವರ ಟ್ರಂಕಿನ ಮೇಲೆ ಕೂತಿದ್ದೆ. ಆ ದಿನವೂ ಅದನ್ನು ಯಾಕೆ ಹೊತ್ತು ತಂದಿದ್ದರೋ ದೇವರೇ ಬಲ್ಲ.

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಅಲುಗಾಡಬಾರದು, ಕೆಮ್ಮಬಾರದು, ನಗಬಾರದು ಎಂದರು ಡಾಕ್ಟರು. ನಗಬಾರದು ಎಂಬುದೇ ಆಕೆಗೆ ದೊಡ್ಡ ಶಿಕ್ಷೆಯಾಯಿತು. ಹಿರಿಯರು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದರು, ಚಮಚ ಒಮ್ಮೆ ಗಲ್ಲಕ್ಕೆ, ಒಮ್ಮೆ ಗದ್ದಕ್ಕೆ. ‘ಎರಡೂ ಕಣ್ಣು ಬಿಟಗೊಂಡು ನನ್ನ ಬಾಯಿ ಸಿಗವಲ್ದೇನ್ರಿ ನಿಮಗ’ ಎಂದು ಆಕೆ ಅಂದರೆ, ಸುತ್ತ ಇದ್ದ ನಾವೆಲ್ಲ ಅವರ ಪಾಲಿನದನ್ನೂ ಸೇರಿಸಿ ನಕ್ಕೆವು.

ಪಟ್ಟಿ ಬಿಚ್ಚುವ ದಿನ ಹಿರಿಯರು ನನಗೆ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಡಾಕ್ಟರು ಎಡಗಣ್ಣಿನ ಹತ್ತಿ ತೆಗೆದು, ಒರೆಸಿ, ‘ಮೆಲ್ಲಗ ಬಿಡವಾ’ ಎಂದರು. ರೆಪ್ಪೆ ತೆರೆಯಿತು, ನೀರು ಇಳಿಯಿತು, ಮುಚ್ಚಿತು. ಮತ್ತೆ ತೆರೆಯಿತು. ಹಿರಿಯರು ಕೇಳಬೇಕಾದದ್ದನ್ನು ಕೇಳಲಾರದೆ ನಿಂತಿದ್ದರು. ಡಾಕ್ಟರೇ ಕೇಳಿದರು: ‘ಹ್ಯಾಂಗ ಐತಿ?’

ಆಕೆ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ‘ಮೊದ್ಲ ಹ್ಯಾಂಗಿತ್ತೊ ಹಂಗ ಐತ್ರಿ’ ಎಂದರು.

ಡಾಕ್ಟರು ಬೆರಳಿಟ್ಟು ನೋಡಿದರು. ಆಮೇಲೆ ಹಿರಿಯರ ಕೈ ಹಿಡಿದೆಳೆದು ಆ ರೆಪ್ಪೆಯ ಅಂಚಿಗೆ ಮುಟ್ಟಿಸಿದರು. ಆಡಿನ ಕಣ್ಣು ಕಂಡು ಅಂಗಳಕ್ಕೆ ಓಡಿದ ಮನುಷ್ಯ, ಉಸಿರು ಬಿಗಿಹಿಡಿದು, ಹೂವಿಗೂ ನೋವಾಗದಷ್ಟು ಮೆತ್ತಗೆ ಒತ್ತಿದರು. ‘ಮೂಗಿನ ತುದಿ’ ಎಂದರು. ಅಷ್ಟು ಹೇಳಿ ಅಳತೊಡಗಿದರು. ನಾನೂ ಅತ್ತೆ, ನಾಚಿಕೆ ಎಂಥದ್ದು.

ನಮ್ಮ ಗುರುವಾರದ ಸಾಲಿ ಆಮೇಲೂ ನಡೆಯಿತು. ಒಂದು ಕಣ್ಣು ಮುಚ್ಚಿ ಎಂದು ಮತ್ತೆ ಯಾವ ಸಂತೆಯಲ್ಲೂ ನಾವು ಯಾರಿಗೂ ಹೇಳಲಿಲ್ಲ. ‘ಸೆರಗು ಈ ಕಡಿ ಎಳಕೊ ತಾಯಿ, ಈಗ ಆ ಕಡಿ’ ಎಂದರೆ ಹೆಂಗಸರಿಗೆ ಅದು ದಿನದ ರೂಢಿ. ಗಂಡಸರಿಗೆ ರುಮಾಲಿನ ಚುಂಗು ಇತ್ತು. ಡಾಕ್ಟರು ಇದನ್ನು ಕೇಳಿ ಒಂದು ಯಾಲಕ್ಕಿ ಹೆಚ್ಚು ಹಾಕಿಕೊಂಡರು, ಅಷ್ಟೇ. ಮ್ಯಾಲಿಂದ ಮ್ಯಾಲೆ ಚಾಳೀಸು ಬದಲಿಸಲು ಬರುವವರನ್ನು ಕಂಡರೆ ಹಿರಿಯರು ಟ್ರಂಕಿಗೆ ಬೀಗ ಹಾಕಿ, ಗಿರಾಕಿಯ ಕೈ ಹಿಡಿದು ಬಸ್ಸು ಹತ್ತಿಸುತ್ತಿದ್ದರು.

ಹೆಂಡತಿಯನ್ನು ತಿಂಗಳಿಗೊಮ್ಮೆ ಪರೀಕ್ಷೆಗೆ ಕರೆದುಕೊಂಡು ಬರುತ್ತಿದ್ದರು. ಡಾಕ್ಟರು ಬೆರಳಿಟ್ಟು, ಕೂರಿಗೆ ರಟ್ಟು ತೋರಿಸಿ, ಬಾಜುವಿನಿಂದ ಕೈ ತಂದು ನೋಡಿ, ‘ಹೋದ ಸಲ ಇದ್ದಂಗ ಐತಿ’ ಎನ್ನುತ್ತಿದ್ದರು. ಸಕ್ಕರೆ ರೇಷನ್ನಿನಲ್ಲಿದ್ದ ಕಾಲ. ಹಿರಿಯರು ಹೊರಗೆ ಬಂದು ಚೀಲದಿಂದ ಬೆಲ್ಲ, ಪುಟಾಣಿ ತೆಗೆದು ಸಾಲಿನಲ್ಲಿ ಕೂತ ರೋಗಿಗಳಿಗೆಲ್ಲ ಹಂಚುತ್ತಿದ್ದರು. ಏನು ವಿಶೇಷ, ಗಂಡುಮಗು ಹುಟ್ಟಿತೇನ್ರಿ ಎಂದು ಯಾರಾದರೂ ಕೇಳಿದರೆ, ಅವರ ಅದೇ ದೊಡ್ಡ ದನಿ ಇಡೀ ಅಂಗಳಕ್ಕೆ ಕೇಳುತ್ತಿತ್ತು: ‘ಏನಿಲ್ರಿ, ಇದ್ದಂಗ ಐತಂತ. ತಗೋರಿ, ಬಾಯಿ ಸಿಹಿ ಮಾಡಕೋರಿ.’